ದುಡಿ ಕೊಳ್ಳುವ ಮುನ್ನ: ಮರ, ಚರ್ಮ ಮತ್ತು ನಾದದ ಲೆಕ್ಕಾಚಾರ

ಚೆಟ್ಟಳ್ಳಿ (ಕೊಡಗು): ಡಿಸೆಂಬರ್ ಬಂತೆಂದರೆ ಮಡಿಕೇರಿ-ಸಿದ್ದಾಪುರ ರಸ್ತೆಯ ಮೇಲಿರುವ ಈ ಊರಿನ ಸುತ್ತಮುತ್ತ ಎರಡು ಸಂಭ್ರಮಗಳು ಒಟ್ಟಿಗೆ ಬರುತ್ತವೆ. ಒಂದು ಕಾಫಿ ಕೊಯ್ಲು, ಮತ್ತೊಂದು ಪುತ್ತರಿ. ತೋಟದ ಕಣದಲ್ಲಿ ಕಾಫಿ ಹಣ್ಣು ಒಣಗುತ್ತಿರುವಾಗ ಮಂದ್‌ನ ಕಡೆಯಿಂದ ಚುರುಕಾದ, ತೆಳುವಾದ ಪೆಟ್ಟಿನ ಸದ್ದು ತೇಲಿಬಂದರೆ ಅದು ದುಡಿಯದೆಂದು ಇಲ್ಲಿನವರಿಗೆ ಹೇಳಿಕೊಡಬೇಕಾಗಿಲ್ಲ. ಹೊರಗಿನಿಂದ ಬಂದವರು ಆ ಸದ್ದಿಗೆ ಮನಸೋತು ಒಂದು ದುಡಿ ಕೊಂಡೊಯ್ಯಲು ಬಯಸುವುದೂ ಸಹಜವೇ. ಆದರೆ ಶೋಕೇಸಿನಲ್ಲಿ ಕೂರುವ ದುಡಿಯೇ ಬೇರೆ, ಕೈಯಲ್ಲಿ ನುಡಿಯುವ ದುಡಿಯೇ ಬೇರೆ.

ಈ ಅಂತರವನ್ನು ಈ ವರದಿಗಾರ ಕಲಿತದ್ದು ಹಣ ತೆತ್ತ ಮೇಲೆಯೇ. ಕೆಲವು ವರ್ಷಗಳ ಹಿಂದೆ ಕರಕುಶಲ ಮೇಳವೊಂದರಲ್ಲಿ ಕೊಂಡ ದುಡಿ ಮಳೆಗಾಲವಿಡೀ ಚೆನ್ನಾಗಿಯೇ ಇತ್ತು. ಬೆಂಗಳೂರಿನ ಏಪ್ರಿಲ್ ಬಿಸಿಲಿಗೆ ಒಂದು ಮಧ್ಯಾಹ್ನ ‘ಟಪ್’ ಎಂದು ಒಡಲು ಸೀಳಿತು. ಬಣ್ಣ ಕೆರೆದು ನೋಡಿದಾಗ ಅಡಿಯಲ್ಲಿ ಹಳೆಯ ಬಿರುಕೊಂದು ಇದ್ದುದು, ಅದಕ್ಕೆ ಮರದ ಪುಡಿ ಮತ್ತು ಅಂಟು ಮೆತ್ತಿದ್ದುದು ಕಂಡಿತು. ಮಾರಿದವರನ್ನು ಹುಡುಕಿ ಹೋಗುವಷ್ಟು ದೊಡ್ಡ ಮೊತ್ತವಲ್ಲ, ಮರೆಯುವಷ್ಟು ಸಣ್ಣದೂ ಅಲ್ಲ.

ದುಡಿ ಎಂದರೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ತೆಳುಕಡ್ಡಿಯಿಂದ ಬಾರಿಸುವ, ನಡು ಸಣಕಲಾದ ಪುಟ್ಟ ಚರ್ಮವಾದ್ಯ. ಶಿವನ ಡಮರುಗ, ತಮಿಳುನಾಡಿನ ಉಡುಕೈ, ಕೇರಳದ ಇಡಕ್ಕ ಇವೆಲ್ಲ ಇದೇ ಆಕಾರದ ಬಂಧುಗಳು. ವಯನಾಡಿನ ಪಣಿಯರಲ್ಲಿ ಇದೇ ಹೆಸರಿನ ‘ತುಡಿ’ ಇದೆ. ಕೊಡವರಲ್ಲಿ ಸಾಮಾನ್ಯವಾಗಿ ನಾಲ್ವರು ಹಾಡುಗಾರರು ಇಬ್ಬಿಬ್ಬರಂತೆ ಎರಡು ಜೋಡಿಯಾಗಿ, ದುಡಿ ಬಾರಿಸುತ್ತಲೇ ಸಾಲನ್ನು ಒಬ್ಬರಿಂದೊಬ್ಬರು ಎತ್ತಿಕೊಂಡು ಹಾಡುತ್ತಾರೆ. ‘ದುಡಿಕೊಟ್ಟ್ ಪಾಟ್’ ಎಂಬ ಹೆಸರಿನಲ್ಲೇ ವಾದ್ಯ ಸೇರಿಕೊಂಡಿದೆ. ಹಬ್ಬ, ಮದುವೆ, ಸಾವು ಯಾವುದೂ ಈ ಹಾಡಿಗೆ ಹೊರತಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಹೊರತಂದ ‘ಪಟ್ಟೋಲೆ ಪಳಮೆ’ ಈ ಹಾಡುಗಳ ಮೊದಲ ದೊಡ್ಡ ಸಂಗ್ರಹ. ಅದರ ಇಂಗ್ಲಿಷ್ ಅನುವಾದ 2003ರಲ್ಲಿ ಪ್ರಕಟವಾಯಿತು.

ಗಮನಿಸಬೇಕಾದ ಸಂಗತಿಯೆಂದರೆ, ದುಡಿ ಹಾಡಿನ ಮಾತನ್ನು ಮುಳುಗಿಸಬಾರದು. ಕಥೆ ಹೇಳುವ ಹಾಡಿಗೆ ಪದವೇ ಪ್ರಾಣ. ಆದ್ದರಿಂದ ಈ ವಾದ್ಯದಿಂದ ಬಯಸುವುದು ತಾರಸ್ಥಾಯಿಯ, ಬೇಗ ಆರಿಹೋಗುವ, ದೂರಕ್ಕೆ ಕೇಳುವ ಪೆಟ್ಟು. ಗುಂಯ್ ಎಂದು ಎಳೆಯುವ ನಾದವನ್ನು ದುಡಿಯಲ್ಲಿ ಹುಡುಕುವವರು ತಪ್ಪು ವಾದ್ಯವನ್ನು ಆರಿಸಿದ್ದಾರೆಂದೇ ಅರ್ಥ. ಅಂಥವರಿಗೆ ನಮ್ಮ ಆರ್ಕೆಸ್ಟ್ರಾ ವೇದಿಕೆಗಳಲ್ಲಿ ‘ಕಾಂಗೋ’ ಎಂದೇ ಪರಿಚಿತವಾದ ಕ್ಯೂಬಾ ದೇಶದ ಕೊಂಗಾ ಹೆಚ್ಚು ಒಗ್ಗೀತು.

ಹೋಲಿಕೆಗಾಗಿ ಕೊಂಗಾವನ್ನೇ ನೋಡೋಣ. ಸುಮಾರು 30 ಅಂಗುಲ ಎತ್ತರದ, ಪೀಪಾಯಿಯಂತೆ ನಡು ಉಬ್ಬಿದ, ತಳ ತೆರೆದ ವಾದ್ಯವದು. ಆಫ್ರಿಕಾದಿಂದ ಗುಲಾಮರಾಗಿ ಹೋದವರ ನೆನಪಿನಿಂದ ಕ್ಯೂಬಾದಲ್ಲಿ ಹುಟ್ಟಿತು. ಮೊದಲು ಇಡೀ ದಿಮ್ಮಿಯನ್ನು ಕೊರೆದು, ಆನಂತರ ಪೀಪಾಯಿ ಮಾಡುವಂತೆ ಮರದ ಪಟ್ಟಿಗಳನ್ನು ಬಗ್ಗಿಸಿ ಜೋಡಿಸಿ ಮಾಡಲಾಯಿತು. ಚರ್ಮವನ್ನು ಮೊಳೆ ಹೊಡೆದು ಕೂರಿಸುತ್ತಿದ್ದ ಕಾಲದಲ್ಲಿ ವಾದಕರು ಶ್ರುತಿ ಏರಿಸಲು ಬೆಂಕಿಗೆ ಹಿಡಿಯುತ್ತಿದ್ದರು. ನಮ್ಮ ತಮಟೆಯವರು ಹುಲ್ಲಿನ ಬೆಂಕಿಗೆ ತಮಟೆ ಕಾಯಿಸುವಂತೆಯೇ! ತಿರುಪು ಹಾಕಿ ಬಿಗಿಯುವ ವ್ಯವಸ್ಥೆ ಬಂದದ್ದು ಕಳೆದ ಶತಮಾನದ ನಡುಭಾಗದಲ್ಲಿ. ಬಾಯಿಯ ಅಗಲ ಸುಮಾರು 11 ಅಂಗುಲವಿದ್ದರೆ ಕಿಂಟೊ, ಹನ್ನೆರಡಕ್ಕೆ ತುಸು ಕಡಿಮೆಯಿದ್ದರೆ ಕೊಂಗಾ, ಹನ್ನೆರಡೂವರೆಯಿದ್ದರೆ ತುಂಬಾ. ಅಗಲ ಹೆಚ್ಚಿದಂತೆ ಸ್ವರ ಇಳಿಯುತ್ತದೆ.

ಈ ಇಳಿಕೆಗೆ ಖಚಿತವಾದ ಲೆಕ್ಕವಿದೆ. ಅಗಲ ದುಪ್ಪಟ್ಟಾದರೆ, ಬಿಗಿತ ಮತ್ತು ಚರ್ಮ ಅವೇ ಇದ್ದಲ್ಲಿ, ಸ್ವರ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಬಿಗಿತದ ಪರಿಣಾಮ ಅಷ್ಟು ಸುಲಭದ್ದಲ್ಲ. ಬಿಗಿತ ಎರಡರಷ್ಟಾದರೆ ಸ್ವರ ಏರುವುದು 1.41 ಪಟ್ಟು ಮಾತ್ರ. ಒಂದು ಸ್ಥಾಯಿ ಏರಿಸಲು ಬಿಗಿತ ನಾಲ್ಕು ಪಟ್ಟಾಗಬೇಕು. ಹೀಗಾಗಿ ಮಂದ್ರದಲ್ಲಿ ನುಡಿಯುವ ದೊಡ್ಡ ವಾದ್ಯವನ್ನು ಎಳೆದೆಳೆದು ತಾರಕ್ಕೇರಿಸುವ ಸಾಹಸದಲ್ಲಿ ಚರ್ಮ ಹರಿಯುವುದೋ ಬಾಯಂಚು ಮುರಿಯುವುದೋ ಖಂಡಿತ. ಇನ್ನು ಚರ್ಮದ ದಪ್ಪ: ಅದು ಹೆಚ್ಚಿದರೆ ಅದೇ ಬಿಗಿತಕ್ಕೆ ಸ್ವರ ಇಳಿಯುತ್ತದೆ, ಪೆಟ್ಟು ಮಂದವಾಗುತ್ತದೆ. ಕೈಪೆಟ್ಟು ತಾಳಬೇಕಾದ ಕೊಂಗಾಕ್ಕೆ ಹಸು, ಎಮ್ಮೆ, ಹೇಸರಗತ್ತೆಯ ದಪ್ಪ ಚರ್ಮ ಬಳಸಿದರೆ, ಕಡ್ಡಿಯಿಂದ ಬಾರಿಸುವ ಪುಟ್ಟ ದುಡಿಗೆ ಆಡಿನ ತೆಳು ಚರ್ಮವೇ ಒಪ್ಪುವುದು ಇದೇ ಕಾರಣಕ್ಕೆ.

ಸಾದಾ ಚರ್ಮದ ನಾದ ವೀಣೆಯ ತಂತಿಯ ನಾದದಷ್ಟು ‘ಶುದ್ಧ’ವಾಗಿ ಕೇಳದಿರುವುದಕ್ಕೂ ಕಾರಣವಿದೆ. ತಂತಿಯ ಉಪಸ್ವರಗಳು ಮೂಲಸ್ವರದ 2, 3, 4 ಪಟ್ಟು ಎಂಬಂತೆ ಸರಿಯಾದ ಸಂಖ್ಯೆಗಳಲ್ಲಿ ಬರುತ್ತವೆ. ದುಂಡನೆಯ ಚರ್ಮದಲ್ಲಿ ಅವು 1.59, 2.14, 2.30 ಎಂಬ ಅಡ್ಡಾದಿಡ್ಡಿ ಅನುಪಾತದಲ್ಲಿ ಬರುತ್ತವೆ. ಮೃದಂಗದ ನಡುವಿನ ಕಪ್ಪು ಕರಣೆ ಈ ಅಡ್ಡಾದಿಡ್ಡಿಯನ್ನು ತಿದ್ದಿ ಉಪಸ್ವರಗಳನ್ನು ಸಾಲಿಗೆ ತರುತ್ತದೆ ಎಂಬುದನ್ನು ಸಿ.ವಿ. ರಾಮನ್ 1920ರಲ್ಲೇ ತೋರಿಸಿಕೊಟ್ಟರು. 1934ರಲ್ಲಿ ಮತ್ತೆ ವಿವರವಾಗಿ ಬರೆದರು. ಕರಣೆಯಿಲ್ಲದ ದುಡಿಯಿಂದ ಮೃದಂಗದ ಸುನಾದ ಬಯಸಬಾರದು. ಅದರ ಒರಟುತನವೇ ಅದರ ಗುಣ.

ಮರದ ವಿಷಯಕ್ಕೆ ಬರೋಣ. ನಾದ ಹುಟ್ಟುವುದು ಚರ್ಮದಲ್ಲಿ, ಮರದಲ್ಲಲ್ಲ. ಮರದ ಪಾಲು ಎರಡು: ಚರ್ಮದ ಎಳೆತಕ್ಕೆ ಬಾಗದೆ ನಿಲ್ಲುವುದು, ಒಳಗಿನ ಗಾಳಿಗೆ ಆಕಾರ ಕೊಡುವುದು. ಒಳಮೈ ನುಣುಪಾಗಿ, ಮರ ಗಟ್ಟಿಯಾಗಿದ್ದರೆ ಪೆಟ್ಟು ಖಣಿಲಾಗಿ ಕೇಳುತ್ತದೆ. ಮೆದು ಮರ, ಒರಟು ಒಳಮೈ ಆದರೆ ಸದ್ದು ಒಳಗೇ ಅಡಗುತ್ತದೆ. ಎರಡು ಬಾಯಿಗಳ ವಾದ್ಯದಲ್ಲಿ ಒಂದು ಕಡೆಯ ಪೆಟ್ಟು ಒಳಗಿನ ಗಾಳಿಯ ಮೂಲಕ ಇನ್ನೊಂದು ಕಡೆಯ ಚರ್ಮವನ್ನೂ ಅಲುಗಿಸುತ್ತದೆ. ದುಡಿಯ ನಡುವಿನ ರಂಧ್ರ ಕಿರಿದಾದಷ್ಟೂ ಈ ಸಂಪರ್ಕ ಕಡಿಮೆ. ನೋಡಲು ಒಂದೇ ತೆರನಾದ ಎರಡು ದುಡಿಗಳು ಬೇರೆ ಬೇರೆಯಾಗಿ ನುಡಿಯುವುದಕ್ಕೆ ಒಳಗೆ ಎಷ್ಟು ಕೊರೆದಿದ್ದಾರೆ ಎಂಬುದೂ ಒಂದು ಕಾರಣ. ಇದು ಕಣ್ಣಿಗೆ ಕಾಣುವುದಿಲ್ಲ, ಕಿವಿಯಿಂದಲೇ ತಿಳಿಯಬೇಕು.

ದಕ್ಷಿಣ ಭಾರತದಲ್ಲಿ ಚರ್ಮವಾದ್ಯಕ್ಕೆ ಹಲಸಿನ ಮರಕ್ಕೆ ಅಗ್ರಸ್ಥಾನ. ಮೃದಂಗ, ಚೆಂಡೆ, ಖಂಜಿರದ ಬಳೆ ಎಲ್ಲಕ್ಕೂ ಅದೇ. ಚೆಟ್ಟಳ್ಳಿಯ ತೋಟಗಳಲ್ಲಿ ಕಾಫಿಗೆ ನೆರಳಾಗಿ ನಿಂತ ಹಲಸಿಗೇನೂ ಬರವಿಲ್ಲ. ಆದರೆ ಹಲಸೆಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಹಳದಿಯಿಂದ ಕಂದಿಗೆ ತಿರುಗುವ ಚೇಗು ಗೆದ್ದಲಿಗೂ ಹುಳುವಿಗೂ ಜಗ್ಗದು. ಹೊರಗಿನ ಬಿಳಿ ಭಾಗವನ್ನು ಹುಳು ಬಿಡದು. ಬಣ್ಣ ಬಳಿಯದ ವಾದ್ಯವನ್ನೇ ಕೇಳಿ ಪಡೆಯುವುದು ಇದಕ್ಕಾಗಿ. ಸೂಜಿಮೊನೆಯಷ್ಟು ತೂತು, ಅದರ ಬಾಯಲ್ಲಿ ಹಿಟ್ಟಿನಂಥ ಪುಡಿ ಕಂಡರೆ ಹುಳು ಇನ್ನೂ ಒಳಗೇ ಇದೆಯೆಂದು ತಿಳಿಯಬೇಕು. ಬೀಟೆ ಮರದ ದುಡಿ ಎಂದು ಹೆಚ್ಚು ಬೆಲೆ ಹೇಳಿದರೆ ಮರದ ಮೂಲವನ್ನು ವಿಚಾರಿಸಿ ಕೊಳ್ಳುವುದು ಕ್ಷೇಮ. ಬೀಟೆ ಕಡಿತಲೆಗೆ ಕಟ್ಟುನಿಟ್ಟಿನ ನಿಯಮಗಳಿವೆ; 2017ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರವೂ ನಿಯಂತ್ರಣದಲ್ಲಿದೆ. ವಿದೇಶಿ ಕಂಪನಿಗಳ ಕೊಂಗಾಗಳ ಮೇಲೆ ಕಾಣುವ ‘ಸಯಾಮ್ ಓಕ್’ ಎಂಬ ಗಂಭೀರ ಹೆಸರಿಗೆ ಮರುಳಾಗುವವರಿಗೊಂದು ಕಿವಿಮಾತು: ಅದು ಥಾಯ್ಲೆಂಡಿನ ರಬ್ಬರ್ ಮರ. ಕೊಡಗಿನ ಗಡಿಯ ಇಳಿಜಾರುಗಳಲ್ಲಿ ಹಾಲು ಕೊಡುವ ಅದೇ ಮರ. ಕೆಟ್ಟದ್ದೇನಲ್ಲ, ಓಕ್ ಮಾತ್ರ ಅಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಮರ ಎಷ್ಟು ಒಣಗಿದೆ ಎಂಬುದು. ಅಂಗುಲ ದಪ್ಪದ ಹಲಗೆ ನೆರಳಿನಲ್ಲಿ ಒಣಗಲು ಒಂದು ವರ್ಷ ಬೇಕೆಂಬುದು ಬಡಗಿಗಳ ಹಳೆಯ ಲೆಕ್ಕ. ಕೊಡಗಿನ ತೇವದ ಹವೆಯಲ್ಲಿ ಆತುರದಿಂದ ಕಡೆದ ಹಸಿಮರದ ದುಡಿ ಅಲ್ಲಿರುವಷ್ಟು ದಿನ ಬಿರಿಯುವುದಿಲ್ಲ. ಕಲಬುರಗಿಗೋ ಬಳ್ಳಾರಿಗೋ ಹೋದ ಮೇಲೆ ಬಿರಿಯುತ್ತದೆ. ಕೈಗೆತ್ತಿಕೊಂಡಾಗ ಗಾತ್ರಕ್ಕೆ ಮೀರಿದ ಭಾರ, ಮೈಗೆ ಒತ್ತಿದಾಗ ತಣ್ಣನೆಯ ತೇವ, ಮೂಗಿಗೆ ಹಸಿವಾಸನೆ ಇವು ಎಚ್ಚರಿಕೆಯ ಸೂಚನೆಗಳು. ಬೆರಳ ಗೆಣ್ಣಿನಿಂದ ಒಡಲನ್ನು ಸುತ್ತಲೂ ತಟ್ಟಿದಾಗ ಒಂದೆಡೆ ಮಾತ್ರ ಸದ್ದು ಬೊದ್ದಾಗಿ ಅಥವಾ ಗರಗರ ಎಂದು ಕೇಳಿದರೆ ಅಲ್ಲಿ ಬಿರುಕಿದೆ. ಮೇಲೆ ಹೇಳಿದ ಮೇಳದಲ್ಲಿ ಈ ಸಣ್ಣ ಪರೀಕ್ಷೆ ಮಾಡಿದ್ದರೆ ಸಾಕಿತ್ತು.

ಚರ್ಮವನ್ನು ಪರೀಕ್ಷಿಸಲು ಬೆಳಕೇ ಸಾಧನ. ಬಿಸಿಲಿಗೆದುರಾಗಿ ಹಿಡಿದರೆ ದಪ್ಪ-ತೆಳುಗಳು ಮೋಡದಂತೆ ಕಾಣುತ್ತವೆ. ಪ್ರಾಣಿಯ ಬೆನ್ನಿನ ಗೆರೆ ಇದ್ದರೆ ಅದು ಬಾಯಿಯ ನಡುವೆ ಹಾದುಹೋಗಿರಬೇಕು. ಒಂದು ಬದಿಗೆ ಸರಿದಿದ್ದರೆ ಎಳೆತ ಸಮವಾಗಿರುವುದಿಲ್ಲ. ಬಳಿಕ ಅಂಚಿನಿಂದ ಒಂದು ಬೆರಳು ಒಳಗೆ, ಸುತ್ತಲೂ ಏಳೆಂಟು ಕಡೆ ಹಗುರಾಗಿ ತಟ್ಟಿ ಕೇಳಬೇಕು. ಎಲ್ಲೆಡೆ ಸ್ವರ ಒಂದೇ ಇದ್ದರೆ ಬಾಯಂಚು ಸಮತಟ್ಟಾಗಿದೆ, ಬಿಗಿತವೂ ಸಮ. ಒಂದೆರಡು ಕಡೆ ವ್ಯತ್ಯಾಸವಿದ್ದರೆ ಹುರಿ ಎಳೆದು ಸರಿಪಡಿಸಿ ತೋರಿಸುವಂತೆ ತಯಾರಕರನ್ನೇ ಕೇಳಬಹುದು. ಬಲ್ಲವರು ಎರಡೇ ನಿಮಿಷದಲ್ಲಿ ಮಾಡಿ ತೋರಿಸುತ್ತಾರೆ. ಅದನ್ನು ನೋಡುವುದೇ ಒಂದು ಪಾಠ. ವಾದ್ಯಕ್ಕೆ ಬಳಸುವುದು ಚಪ್ಪಲಿಗೆ ಬಳಸುವಂಥ ಹದ ಮಾಡಿದ ಚರ್ಮವನ್ನಲ್ಲ, ಕೂದಲು ತೆಗೆದು ಒಣಗಿಸಿದ ಹಸಿಚರ್ಮವನ್ನು. ಕೊಳೆತ ವಾಸನೆಯಿದ್ದರೆ ಸರಿಯಾಗಿ ಒಣಗಿಲ್ಲವೆಂದರ್ಥ.

ಇಲ್ಲಿ ಕಾನೂನಿನ ಮಾತೊಂದನ್ನು ಒತ್ತಿ ಹೇಳಲೇಬೇಕು. ಪಶ್ಚಿಮಘಟ್ಟದಲ್ಲಿ ಹಿಂದೆ ವಾದ್ಯಗಳಿಗಾಗಿ ಕಾಡುಪ್ರಾಣಿಗಳ ಚರ್ಮ ಬಳಕೆಯಾಗುತ್ತಿತ್ತು. ಕೊಡಗಿನಿಂದ ದಕ್ಷಿಣಕ್ಕೆ ಹಬ್ಬಿರುವ ಕಾಡುಗಳ ನೀಲಗಿರಿ ಮುಸುವವನ್ನು ಮಾಂಸ, ಔಷಧಗಳೊಂದಿಗೆ ವಾದ್ಯದ ಚರ್ಮಕ್ಕಾಗಿಯೂ ಬೇಟೆಯಾಡಿದ್ದು ದಾಖಲಾಗಿದೆ. ಖಂಜಿರಕ್ಕೆ ಉಡದ ಚರ್ಮವೇ ಶ್ರೇಷ್ಠವೆಂಬ ಮಾತು ಈಗಲೂ ಕೇಳಿಬರುತ್ತದೆ. ಇವೆರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಚ್ಛೇದದ ಪ್ರಾಣಿಗಳು. ಅವುಗಳ ಚರ್ಮದ ವಸ್ತುವನ್ನು ಕೊಳ್ಳುವುದೂ ಮಾರುವುದೂ ಸೆರೆವಾಸಕ್ಕೆ ದಾರಿ. ‘ಅಜ್ಜನ ಕಾಲದ್ದು, ಈಗ ಇಂಥ ಚರ್ಮ ಸಿಗುವುದಿಲ್ಲ’ ಎಂದು ಯಾರಾದರೂ ಹೆಚ್ಚು ಬೆಲೆಗೆ ಹಳೆಯ ವಾದ್ಯ ತೋರಿಸಿದರೆ ನಯವಾಗಿ ಕೈಮುಗಿದು ಹೊರಡುವುದು ಲೇಸು. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಪದಕಗಳ ಪ್ರಕರಣ ರಾಜ್ಯದಾದ್ಯಂತ ಎಬ್ಬಿಸಿದ ಗದ್ದಲವನ್ನು ಓದುಗರು ಮರೆತಿರಲಾರರು. ‘ಗೊತ್ತಿರಲಿಲ್ಲ’ ಎಂಬ ಉತ್ತರ ಆಗಲೂ ನಡೆಯಲಿಲ್ಲ. ಆಡಿನ ಚರ್ಮವೆಂದು ರಸೀದಿಯಲ್ಲಿ ಬರೆಸಿಕೊಳ್ಳುವುದು ಅತಿಯೆನಿಸಬಹುದು, ಆದರೂ ಬರೆಸಿಕೊಳ್ಳಿ.

ಚರ್ಮದ ಗೊಡವೆಯೇ ಬೇಡವೆನ್ನುವವರಿಗೆ ಪ್ಲಾಸ್ಟಿಕ್ ಹಾಳೆಯ ಮುಚ್ಚಳಿಗೆಗಳಿವೆ. ಅಮೆರಿಕದಲ್ಲಿ ರೆಮೊ ಕಂಪನಿ ಇವನ್ನು 1957ರಿಂದ ಮಾರುತ್ತ ಬಂದಿದೆ. ಬೆಂಗಳೂರಿನ ಡಾ. ಕೆ. ವರದರಂಗನ್ ಅವರು ಮೃದಂಗಕ್ಕೂ ಚರ್ಮವಿಲ್ಲದ ಮುಚ್ಚಳಿಗೆಯನ್ನು ರೂಪಿಸಿದ್ದಾರೆ. ಮಳೆಗೆ ಸಡಿಲವಾಗದು, ಬಿಸಿಲಿಗೆ ಬಿರಿಯದು. ಕಲಿಕೆಗೆ, ಪ್ರಯಾಣಕ್ಕೆ ಉತ್ತಮ. ಕಿವಿ ಪಳಗಿದವರಿಗೆ ಪೆಟ್ಟಿನ ಕೊನೆಯಲ್ಲೊಂದು ಲೋಹದಂಥ ಮಿಂಚು ಕೇಳಿಸುತ್ತದೆ. ಈ ವರದಿಗಾರನಿಗೂ ಕೇಳಿಸಿತು, ಅಭ್ಯಾಸವಾದ ಮೇಲೆ ತೊಂದರೆಯೆನಿಸಲಿಲ್ಲ.

ಬೆಲೆಯ ಚೌಕಾಸಿಗೆ ಇಳಿಯುವ ಮುನ್ನ ಕೆಲಸದ ಪ್ರಮಾಣವನ್ನು ನೆನೆಯುವುದು ನ್ಯಾಯ. ಮರ ಒಣಗಿಸಿ, ಕಡೆದು, ಒಳಗೆ ಕೊರೆದು, ಚರ್ಮ ಕೆರೆದು, ಬಳೆಗೆ ಸುತ್ತಿ, ಹುರಿ ಬಿಗಿಯುವವರೆಗೆ ಕೈ ಬಿಡುವಿಲ್ಲ. ಚರ್ಮದ ಕೆಲಸ ಬಹುಕಾಲದಿಂದ ಸಮಾಜದ ಅಂಚಿಗೆ ತಳ್ಳಲ್ಪಟ್ಟವರ ಪಾಲಿಗೇ ಬಂದಿದೆ. ಕೊಡಗಿನ ಹಬ್ಬಗಳಲ್ಲಿ ವಾದ್ಯ ಬಾರಿಸುತ್ತ ಬಂದವರಲ್ಲಿ ಬುಟ್ಟಿ ಹೆಣೆಯುವ ಮೇದರೂ ಇದ್ದಾರೆ. ಮೃದಂಗ ತಯಾರಕರ ಬದುಕನ್ನು ಕುರಿತು ಟಿ.ಎಂ. ಕೃಷ್ಣ ಅವರು 2020ರಲ್ಲಿ ಪ್ರಕಟಿಸಿದ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಪುಸ್ತಕ, ವೇದಿಕೆಯ ಮೇಲಿನ ಕಲಾವಿದನ ಹೆಸರು ಎಲ್ಲರಿಗೂ ಗೊತ್ತಿದ್ದು ವಾದ್ಯ ಮಾಡಿದವನ ಹೆಸರು ಯಾರಿಗೂ ಗೊತ್ತಿಲ್ಲದ ಸ್ಥಿತಿಯನ್ನು ತೆರೆದಿಟ್ಟಿತು. ಅಂಗಡಿಯಲ್ಲಿ ಕೊಂಡರೂ ಮಾಡಿದವರ ಹೆಸರು, ಊರು ಕೇಳಿ ಬರೆದಿಟ್ಟುಕೊಳ್ಳುವುದರಿಂದ ಕೊಂಡವರಿಗೇ ಲಾಭ. ಚರ್ಮ ಎಂದಾದರೂ ಹರಿಯುತ್ತದೆ. ಆಗ ಹೊಸದನ್ನು ಹೊದಿಸಿಕೊಡಬಲ್ಲವರು ಅವರೇ.

ಮನೆಗೆ ತಂದ ಮೇಲೆ ದುಡಿಯನ್ನು ಟಿ.ವಿ.ಯ ಮೇಲಾಗಲಿ, ಕಿಟಕಿಯ ಬಿಸಿಲಿಗಾಗಲಿ, ಕಾರಿನ ಹಿಂಭಾಗದಲ್ಲಾಗಲಿ ಇಡಬಾರದು. ಬಟ್ಟೆಯ ಚೀಲದಲ್ಲಿ ಸುತ್ತಿ, ಗಾಳಿಯಾಡುವ ನೆರಳಿನಲ್ಲಿ ಇಟ್ಟರೆ ಸಾಕು. ಪ್ಲಾಸ್ಟಿಕ್ ಚೀಲದಲ್ಲಿ ಬೂಷ್ಟು ಹಿಡಿಯುತ್ತದೆ. ಒಣಹವೆಯ ಊರಿಗೆ ಒಯ್ಯುವವರು ಹುರಿಯನ್ನು ತುಸು ಸಡಿಲಿಸಿ ಒಯ್ದು, ವಾರ ಕಳೆದ ಮೇಲೆ ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಮಳೆಗಾಲದಲ್ಲಿ ಸದ್ದು ಮಂದವಾದರೆ ಗಾಬರಿ ಬೇಡ, ಚರ್ಮ ತೇವ ಹೀರಿದೆಯಷ್ಟೆ. ಒಲೆಯ ಕಾವಿಗೆ ದೂರದಿಂದ ಹಿಡಿದು, ಅಂಗೈ ತಾಳುವಷ್ಟು ಬಿಸಿಯಲ್ಲಿ ನಿಧಾನವಾಗಿ ಕಾಯಿಸಿದರೆ ಸ್ವರ ಮೇಲೇರುತ್ತದೆ. ಕೊಳ್ಳಲು ಮಳೆಗಾಲಕ್ಕಿಂತ ಜನವರಿ-ಫೆಬ್ರುವರಿಯ ಒಣ ದಿನಗಳು ಅನುಕೂಲ: ಒಣಹವೆಯಲ್ಲಿ ಬಿರುಕು ಅಡಗಿ ಕೂರದು. ಅಷ್ಟರಲ್ಲಿ ಪುತ್ತರಿಯ ಭರಾಟೆಯೂ ಮುಗಿದಿರುವುದರಿಂದ ಮಾಡುವವರಿಗೂ ಕುಳಿತು ಮಾತನಾಡಲು ಪುರುಸೊತ್ತು ಇರುತ್ತದೆ.