ಚಕ್ರದ ಚಪಲ

ಅಜ್ಜಿ ಕೈಕೇಯಿಯ ಕಥೆ ಹೇಳುವಾಗ ನನ್ನ ಕಣ್ಣಿಗೆ ಕಟ್ಟುತ್ತಿದ್ದುದು ಆ ಎರಡು ವರಗಳಲ್ಲ, ಅವಳ ಬೆರಳು. ಯುದ್ಧದ ನಡುವೆ ದಶರಥನ ರಥದ ಕಡಾಣಿ ಕಳಚಿಬಿದ್ದಾಗ ತನ್ನ ಬೆರಳನ್ನೇ ಅಚ್ಚಿನ ತೂತಿಗೆ ಕೊಟ್ಟು ಚಕ್ರ ಉಳಿಸಿದಳಂತೆ. 2016ರ ಬೇಸಿಗೆಯಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ, ಮಗನ ಮನೆಯ ಮುಂದೆ ಟಾರ್ಚು ಹಿಡಿದು ನಿಂತಾಗ ಆ ಬೆರಳು ಮತ್ತೆ ನೆನಪಾಯಿತು.

ಮಗರಾಯ ಹಳೆಯದೊಂದು ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಕೊಂಡಿದ್ದ. 1988ರದು, ಅವನಿಗಿಂತ ಒಂದು ವರ್ಷ ದೊಡ್ಡದು. ಕಾರು ಓಡುತ್ತಿತ್ತು, ಹೇಳಿದ ಕಡೆ ನಿಲ್ಲುತ್ತಿತ್ತು. ನನ್ನ ಲೆಕ್ಕದಲ್ಲಿ ಕಾರಿಗೆ ಇನ್ನೇನು ಬೇಕು? ಅವನಿಗೆ ಅಲಾಯ್ ಚಕ್ರ ಬೇಕಿತ್ತು. ಅವು ಚೂರು ಹೊರಕ್ಕೆ ಚಾಚಿ ನಿಲ್ಲಲು ಸ್ಪೇಸರ್ ಬೇರೆ. ಸ್ಪೇಸರ್ ಅಂದರೆ ಇನ್ನೇನಲ್ಲ, ನಡುವೆ ತೂತಿರುವ ಅಲ್ಯೂಮಿನಿಯಂ ಬಿಲ್ಲೆ. ಅವನು ಯಾರಿಂದಲೋ ಕೊಂಡು ತಂದದ್ದು 5 ಮಿಲಿಮೀಟರ್ ದಪ್ಪದ್ದು, ನೋಡಲು ದೊಡ್ಡ ನಿಪ್ಪಟ್ಟಿನ ಹಾಗಿತ್ತು.

ಈ ಚಪಲ ಅವನಿಂದ ಶುರುವಾದದ್ದಲ್ಲ. 1924ರ ಆಗಸ್ಟ್ 3ರಂದು ಫ್ರಾನ್ಸಿನ ಲಿಯೋನ್ ಬಳಿ ನಡೆದ ಗ್ರಾನ್ ಪ್ರೀ ಪಂದ್ಯಕ್ಕೆ ಎತ್ತೊರೆ ಬುಗಾಟ್ಟಿ ತನ್ನ ಟೈಪ್ 35 ಕಾರುಗಳನ್ನು ತಂದಾಗ ಅವುಗಳ ಚಕ್ರಗಳೇ ಒಂದು ಬೆರಗು. ಉಳಿದವರು ತಂತಿ ಕಡ್ಡಿಗಳ ಚಕ್ರದಲ್ಲಿದ್ದರೆ ಇವನದು ಎಂಟು ಚಪ್ಪಟೆ ಕಡ್ಡಿಗಳ, ಬ್ರೇಕಿನ ಡ್ರಮ್ಮನ್ನೂ ಸೇರಿಸಿ ಎರಕ ಹೊಯ್ದ ಅಲ್ಯೂಮಿನಿಯಂ ಚಕ್ರ. ಅಂದು ಟೈರುಗಳು ಕಿತ್ತುಬಂದು ಬುಗಾಟ್ಟಿಯ ಮಾನ ಹೋಯಿತು, ಗೆದ್ದದ್ದು ಆಲ್ಫಾ ರೋಮಿಯೋ. ಆದರೆ ಮರುವರ್ಷದಿಂದ 1929ರವರೆಗೆ ಸಿಸಿಲಿಯ ಟಾರ್ಗಾ ಫ್ಲೋರಿಯೋ ಪಂದ್ಯವನ್ನು ಬುಗಾಟ್ಟಿ ಕಾರುಗಳೇ ಸತತ ಐದು ಸಲ ಗೆದ್ದವು.

ಚಕ್ರ ಹಗುರವಾದರೆ ಏನು ಲಾಭ ಎಂದು ಕೇಳಿದ್ದಕ್ಕೆ ಮಗ ಸ್ಪ್ರಿಂಗು, ಜಡತ್ವ ಅಂತ ಏನೇನೋ ಹೇಳಿದ. ನನಗೆ ಅರ್ಥವಾದದ್ದು ಇಷ್ಟು: ಕೊಡ ನೀರನ್ನು ಸೊಂಟದ ಮೇಲೆ ಹೊತ್ತು ಸಲೀಸಾಗಿ ನಡೆಯಬಹುದು, ಅದೇ ಭಾರ ಕಾಲಿಗೆ ಕಟ್ಟಿಕೊಂಡರೆ ಹೆಜ್ಜೆ ಎತ್ತುವುದೇ ಕಷ್ಟ.

1966ರಲ್ಲಿ ಇದೇ ಸ್ಟುಟ್‌ಗಾರ್ಟಿನ ಪೋರ್ಷೆಯವರು 911 ಎಸ್ ಕಾರಿಗೆ ಫುಕ್ಸ್ ಕಂಪನಿಯ, ಐದೆಸಳಿನ ಹೂವಿನಂಥ ಚಕ್ರ ಹಾಕಿದರು. ಎರಕದ್ದಲ್ಲ, ಬಡಿದು ರೂಪಿಸಿದ ಅಲ್ಯೂಮಿನಿಯಂ. ಮ್ಯೂಸಿಯಮ್ಮಿನಲ್ಲಿ ಅದನ್ನು ನೋಡಿದೆ, ಸುಳ್ಳೇಕೆ, ಚೆನ್ನಾಗಿದೆ. 1970ರಲ್ಲಿ ಕಪ್ಪು ಅರಣ್ಯದ ಶಿಲ್ಟಾಖ್ ಎಂಬ ಊರಿನಲ್ಲಿ ಬೌಮ್‌ಗಾರ್ಟ್‌ನರ್, ಬ್ರಾಂಡ್ ಎಂಬಿಬ್ಬರು ತಮ್ಮ ಹೆಸರಿನ ಜೊತೆಗೆ ಊರಿನ ಹೆಸರಿನ ಮೊದಲಕ್ಷರವನ್ನೂ ಸೇರಿಸಿ ಬಿಬಿಎಸ್ ಕಟ್ಟಿದರು. ಮೂರು ತುಂಡು ಜೋಡಿಸಿದ ಅವರ ಚಕ್ರ ರೇಸಿನವರಿಗೆಂದು ಹುಟ್ಟಿದ್ದು. 1976ರಲ್ಲಿ 110 ಅಶ್ವಶಕ್ತಿಯ ಗಾಲ್ಫ್ ಜಿಟಿಐ ಮಾರಾಟಕ್ಕೆ ಬಂತು. ಸಂಬಳದವರ ಮನೆಯ ಹುಡುಗರಿಗೂ ವೇಗದ ಕಾರು ಕೈಗೆಟುಕಿತು. ರೇಸಿನ ಚಕ್ರ ಬೀದಿಗೆ ಬಂತು. ಮೊದಲು ಅಗತ್ಯ, ಆಮೇಲೆ ಆಭರಣ. ಮೂಗುತಿಗೆ ಅಂಥ ನೆಪವೂ ಇಲ್ಲ, ಹಾಗಾಗಿ ನಾನು ಅವನನ್ನು ಆಡಿಕೊಳ್ಳುವಂತಿರಲಿಲ್ಲ.

ಚಕ್ರ ಹಾಕಿದ ಮರುದಿನ ಟ್ಯೂಬಿಂಗನ್ನಿಗೆ ಹೊರಟೆವು. ವೇಗ ತೊಂಬತ್ತಕ್ಕೆ ಬಂದಾಗ ಸ್ಟಿಯರಿಂಗು ಅವನ ಕೈಯಲ್ಲಿ ನಡುಗುತ್ತಿತ್ತು.

“ಏನೋ ಅದು ಹಂಗೆ ನಡುಗೋದು?”

“ಹಳೇ ಕಾರಲ್ವಾಮ್ಮ, ಹಂಗೇನೆ.”

ಹಾಗೇನೆ ಅಂದವನು ವೇಗ ಇಳಿಸಿದ್ದನ್ನು ನಾನು ನೋಡಿದೆ. ನಿಧಾನವಾಗಿ ಮನೆಗೆ ಮರಳಿದವನೇ ಜಾಕ್ ಹಾಕಿದ. ಬೋಲ್ಟು ಬಿಚ್ಚುವಾಗ, ಕುಕ್ಕರಿನ ಕೂಗು ಎಣಿಸುವ ಅಭ್ಯಾಸ ನೋಡಿ, ನಾನು ಸುತ್ತು ಎಣಿಸಿದೆ. ಮೂರೂವರೆಗೆ ಕೈಗೇ ಬಂತು. ಚಕ್ರದ ಜೊತೆ ಬಂದಿದ್ದ ಜರ್ಮನ್ ಕಾಗದವನ್ನು ಅವನು ಆಗ ಓದಿದ: ಈ ಬೋಲ್ಟು ಕನಿಷ್ಠ ಆರೂವರೆ ಸುತ್ತು ಒಳಗೆ ಹಿಡಿದಿರಬೇಕು. ಸುತ್ತಿಗೆ ಒಂದೂವರೆ ಮಿಲಿಮೀಟರ್. 5 ಮಿಲಿಮೀಟರ್ ಸ್ಪೇಸರ್ ಮೂರು ಸುತ್ತಿಗಿಂತ ಹೆಚ್ಚನ್ನು ನುಂಗಿ ಕೂತಿತ್ತು. ಚಕ್ರವನ್ನು ನಟ್ಟನಡುವೆ ಕೂರಿಸುವ ಅಚ್ಚಿನ ತುದಿಯ ಏಣೂ ಸ್ಪೇಸರಿನೊಳಗೇ ಮುಗಿದುಹೋಗಿ, ಚಕ್ರ ಕೂದಲೆಳೆಯಷ್ಟು ಓರೆಯಾಗಿ ಕೂತಿತ್ತು. ನಡುಕ ಅದರದ್ದು. ಕಂಪನಿಯ ಬೋಲ್ಟಿನ ತಲೆ ಉರುಟು, ಈ ಚಕ್ರದ ಗುಳಿಯೋ ಆಲಿಕೆಯ ಆಕಾರದ್ದು. ಅವೆರಡೂ ಕೂಡಿ ಕೂರುವಂಥವಲ್ಲ.

ಮಗ ಮಾತಾಡಲಿಲ್ಲ. ನಾನೂ ಬೈಯಲಿಲ್ಲ. ನಾಲ್ಕು ಚಕ್ರ, ಹದಿನಾರು ಬೋಲ್ಟು, ಮೂರೂವರೆ ಸುತ್ತು. ಅದರ ಮೇಲೆ ನಾವಿಬ್ಬರೂ ಅಷ್ಟು ದೂರ ಹೋಗಿ ಬಂದಿದ್ದೆವು.

ಆಮೇಲೆ ತನ್ನದೇ ಏಣಿರುವ 15 ಮಿಲಿಮೀಟರ್ ಸ್ಪೇಸರ್, ಅಷ್ಟೇ ಹೆಚ್ಚು ಉದ್ದದ ಸರಿಯಾದ ತಲೆಯ ಬೋಲ್ಟು, ಅಚ್ಚಿನ 57.1 ಮಿಲಿಮೀಟರ್ ಅಳತೆಗೆ ಹೊಂದುವ ಉಂಗುರ ಎಲ್ಲವನ್ನೂ ತರಿಸಿದ. ಬಿಗಿಯುವಾಗ ಇಬ್ಬರೂ ಗಟ್ಟಿಯಾಗಿ ಎಣಿಸಿದೆವು. ಏಳು ದಾಟಿತು. ಆ ದೇಶದಲ್ಲಿ ಇಂಥ ಬದಲಾವಣೆಯನ್ನು ತಪಾಸಣೆಯವರಿಗೆ ತೋರಿಸಿ ಕಾಗದಕ್ಕೆ ಏರಿಸಬೇಕು. ತಪಾಸಣೆಯವನು ಸ್ಟಿಯರಿಂಗನ್ನು ಕೊನೆಯವರೆಗೆ ತಿರುಗಿಸಿ ಟೈರು ಎಲ್ಲಾದರೂ ಉಜ್ಜುತ್ತದೆಯೇ, ಮಡ್‌ಗಾರ್ಡಿನಿಂದ ಹೊರಗೆ ಇಣುಕುತ್ತದೆಯೇ ಎಂದು ಬಗ್ಗಿ ನೋಡಿ ಮುದ್ರೆ ಒತ್ತಿದ.

ಹೊಸ ಬೋಲ್ಟುಗಳನ್ನು 50 ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ನೋಡಬೇಕಂತೆ. ಹಿಂದಿರುಗುವ ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ಅವನು ಕಾಫಿಗೆಂದು ನಿಲ್ಲಿಸಿದ. ಮೀಟರ್ ನೋಡಿದೆ, 52. ಡಿಕ್ಕಿ ತೆಗೆಸಿ ರೆಂಚನ್ನು ಅವನ ಕೈಗಿಟ್ಟೆ.