ಖಾಲಿ ಬೀದಿಯ ಟ್ರಂಪೆಟ್

ಯಾವುದಾದರೂ ಸಿನಿಮಾದ ಮಾತಿಲ್ಲದ ದೃಶ್ಯವೊಂದನ್ನು ಮೊದಲು ಧ್ವನಿ ಅಡಗಿಸಿ, ಅನಂತರ ಧ್ವನಿಯೊಡನೆ ನೋಡಿ. ಪರದೆಯಿಂದ ನಿಮ್ಮ ಕಣ್ಣಿಗೆ ಬರುವ ಬೆಳಕು ಎರಡು ಸಲವೂ ಒಂದೇ. ಆದರೂ ಕಂಡದ್ದು ಒಂದೇ ಎನ್ನಿಸದು. ಇದಕ್ಕೆ ನನಗೆ ತಿಳಿದ ಅತ್ಯುತ್ತಮ ಉದಾಹರಣೆ 1958ರಲ್ಲಿ ತೆರೆಕಂಡ ಫ್ರೆಂಚ್ ಚಿತ್ರ 'ಅಸಾಂಸರ್ ಪೂರ್ ಲೆಶಾಫೊ', ಎಂದರೆ 'ಗಲ್ಲುಗಂಬಕ್ಕೆ ಲಿಫ್ಟ್'.

ನಿರ್ದೇಶಕ ಲೂಯಿ ಮಾಲ್‌ಗೆ ಆಗ 25 ವರ್ಷ. ಅದಕ್ಕೂ ಮೊದಲು ಅವನು ಸಾಗರ ಸಂಶೋಧಕ ಕೂಸ್ಟೊ ಜೊತೆ ನೀರಿನಡಿಯ ಚಿತ್ರ ತೆಗೆದವನು. ಕಥೆ ಸರಳ. ಪ್ರೇಯಸಿಯ ಗಂಡನನ್ನು ಕೊಂದ ಜೂಲಿಯೆನ್ ಲಿಫ್ಟ್‌ನಲ್ಲಿ ಸಿಕ್ಕಿಬೀಳುತ್ತಾನೆ; ಕಾವಲುಗಾರ ವಿದ್ಯುತ್ ಆರಿಸಿ ಹೋಗಿರುತ್ತಾನೆ. ಇತ್ತ ಪ್ರೇಯಸಿ ಫ್ಲಾರೆನ್ಸ್ ಅವನನ್ನು ಹುಡುಕುತ್ತ ಪ್ಯಾರಿಸ್ಸಿನ ಬೀದಿಗಳಲ್ಲಿ ಅಲೆಯುತ್ತಾಳೆ. ಛಾಯಾಗ್ರಾಹಕ ಆನ್ರಿ ದಕೇ ದೀಪಗಳನ್ನು ಜೋಡಿಸಲಿಲ್ಲ. ಹೆಚ್ಚು ಸಂವೇದಿಯಾದ ಫಿಲ್ಮ್ ಬಳಸಿ, ಅಂಗಡಿ ಗಾಜುಗಳ ಬೆಳಕಿನಲ್ಲೇ ನಟಿ ಝಾನ್ ಮೊರೊಳನ್ನು ಸೆರೆಹಿಡಿದ.

ಆ ನಡಿಗೆಗೆ ಸಂಗೀತ ಕೊಟ್ಟವನು ಅಮೆರಿಕದ ಜಾಝ್ ವಾದಕ ಮೈಲ್ಸ್ ಡೇವಿಸ್. 1957ರ ಡಿಸೆಂಬರ್ 4ರ ರಾತ್ರಿ ಅವನು ನಾಲ್ವರು ಸಂಗಡಿಗರೊಡನೆ ಪ್ಯಾರಿಸ್ಸಿನ ಸ್ಟುಡಿಯೋ ಸೇರಿದ. ಬರೆದಿಟ್ಟ ಸಂಗೀತವಿರಲಿಲ್ಲ. ದೃಶ್ಯದ ತುಣುಕುಗಳನ್ನು ಮತ್ತೆ ಮತ್ತೆ ಪರದೆಯ ಮೇಲೆ ಓಡಿಸಿದರು, ಇವರು ನೋಡುತ್ತ ನುಡಿಸಿದರು. ಬೆಳಗಿನ ಹೊತ್ತಿಗೆ ಕೆಲಸ ಮುಗಿದಿತ್ತು. ಸ್ವರಮೇಳಗಳು ಕೆಲವೇ. ಕೆಲವು ಭಾಗಗಳಲ್ಲಿ ಎರಡೇ ಮೇಳಗಳ ನಡುವೆ ಟ್ರಂಪೆಟ್ ಸುಳಿದಾಡುತ್ತದೆ, ಎಲ್ಲಿಗೂ ತಲುಪುವ ಆತುರವಿಲ್ಲ. ಫ್ಲಾರೆನ್ಸ್ ಕೂಡ ಹಾಗೆಯೇ ತಾನೆ! ಕಾವಲುಗಾರ ಬರುವ ದೃಶ್ಯಕ್ಕೆ ಟ್ರಂಪೆಟ್ಟೇ ಇಲ್ಲ. ಬಾಸ್ ಮತ್ತು ಡ್ರಮ್ ಮಾತ್ರ.

ಭೌತವಿಜ್ಞಾನದ ಮೇಷ್ಟರಾದ ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು ಸಂಗತಿ. ಮೊದಲು ಹೊರಬಂದ ಧ್ವನಿಮುದ್ರಿಕೆಯಲ್ಲಿ ಕೃತಕವಾಗಿ ಪ್ರತಿಧ್ವನಿ ಸೇರಿಸಲಾಗಿತ್ತು. ಅದಿಲ್ಲದ ಮೂಲ ಮುದ್ರಣಗಳು 1988ರಲ್ಲಿ ಬಿಡುಗಡೆಯಾದವು. ಎರಡನ್ನೂ ಹೋಲಿಸಿ ಕೇಳಿ. ಒಂದರಲ್ಲಿ ವಾದಕ ನಿಮ್ಮ ಮಗ್ಗುಲಲ್ಲೇ ಕುಳಿತಿದ್ದಾನೆ. ಇನ್ನೊಂದರಲ್ಲಿ ದೂರದ, ಖಾಲಿ ಜಾಗದಲ್ಲೆಲ್ಲೋ ನಿಂತಿದ್ದಾನೆ. ಸ್ವರಗಳ ಆವೃತ್ತಿಯಾಗಲಿ ಕ್ರಮವಾಗಲಿ ಇದರ ಕಾರಣವಲ್ಲ. ನಮ್ಮ ಕಿವಿ ನೇರವಾಗಿ ಬಂದ ಶಬ್ದವನ್ನು ಗೋಡೆಗಳಿಂದ ಪ್ರತಿಫಲಿಸಿ ಬಂದ ಶಬ್ದದೊಡನೆ ತೂಗಿ ದೂರವನ್ನು ಅಂದಾಜು ಮಾಡುತ್ತದೆ. ಪ್ರತಿಫಲಿತದ ಪಾಲು ಹೆಚ್ಚಿದಷ್ಟೂ ಮೂಲ ದೂರ ಸರಿದಂತೆ ತೋರುತ್ತದೆ.

ಪ್ರತಿಫಲನಗಳ ಈ ಬಾಲವನ್ನು ಮೊದಲು ಅಳೆದವನು ಹಾರ್ವರ್ಡಿನ ವ್ಯಾಲೇಸ್ ಸೇಬಿನ್. 1895ರಲ್ಲಿ ಮಾತೇ ಅರ್ಥವಾಗದ ಉಪನ್ಯಾಸ ಕೋಣೆಯೊಂದನ್ನು ಸರಿಪಡಿಸುವ ಕೆಲಸ ಅವನ ಪಾಲಿಗೆ ಬಂತು. ಪಕ್ಕದ ರಂಗಮಂದಿರದ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹರಡಿ, ಶಬ್ದ ಕುಗ್ಗುವ ಕಾಲ ಅಳೆದ. ಶಬ್ದದ ಶಕ್ತಿ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯಲು ಬೇಕಾದ ಕಾಲವೇ ಇಂದಿನ ಅಳತೆಗೋಲು. ಕೋಣೆ ದೊಡ್ಡದಾದಷ್ಟೂ, ಹೀರುವ ವಸ್ತು ಕಡಿಮೆಯಾದಷ್ಟೂ ಅದು ಹೆಚ್ಚು.

ಬಯಲು ಬೀದಿಯಲ್ಲಿ ಅಷ್ಟು ದೀರ್ಘ ಬಾಲ ಇರಲಾರದು, ಛಾವಣಿಯೇ ಇಲ್ಲವಲ್ಲ! ಆದ್ದರಿಂದ ಆ ಪ್ರತಿಧ್ವನಿ ಬೀದಿಯ ನಿಜವಾದ ಧ್ವನಿಯಲ್ಲ. ಅದು ಅವಳ ಒಂಟಿತನದ್ದು ಎಂದು ನನಗನ್ನಿಸುತ್ತದೆ. ಇದನ್ನು ಸೇಬಿನ್ನನ ಸೂತ್ರದಿಂದ ಸಾಧಿಸಲು ನನ್ನಿಂದಾಗದು.

ಸುಮಾರು ಒಂದೂವರೆ ಗಂಟೆಯ ಚಿತ್ರದಲ್ಲಿ ಈ ಸಂಗೀತ ಇಪ್ಪತ್ತು ನಿಮಿಷವೂ ಇಲ್ಲ. ಆದರೂ ಡೇವಿಸ್ ಇಲ್ಲದಿದ್ದರೆ ಚಿತ್ರಕ್ಕೆ ಅಂಥ ಸ್ವಾಗತ ಸಿಗುತ್ತಿರಲಿಲ್ಲವೆಂದು ಮಾಲ್ ಅನಂತರ ಒಪ್ಪಿಕೊಂಡ.