ಸಹ ಪ್ರಧಾನ ಸಂಶೋಧಕ

ಪ್ರಾಯೋಜಿತ ಸಂಶೋಧನಾ ಯೋಜನೆಯ ಹೊಣೆಯನ್ನು ಪ್ರಧಾನ ಸಂಶೋಧಕರೊಂದಿಗೆ ಹಂಚಿಕೊಳ್ಳುವ ವಿದ್ವಾಂಸ. ವರದಿಗೂ ಲೆಕ್ಕಪತ್ರಕ್ಕೂ ಅನುದಾನ ಸಂಸ್ಥೆ ಮೊದಲು ಕೇಳುವುದು ಪ್ರಧಾನ ಸಂಶೋಧಕರನ್ನೇ. ಅವರು ನಿವೃತ್ತರಾದರೆ ಅಥವಾ ಬೇರೆಡೆಗೆ ಹೋದರೆ, ಅನುದಾನ ಸಂಸ್ಥೆಯ ಒಪ್ಪಿಗೆ ಪಡೆದು ಸಹ ಪ್ರಧಾನ ಸಂಶೋಧಕರು ಯೋಜನೆ ಮುಂದುವರಿಸಬಹುದು.

ಉತ್ತರ ಕನ್ನಡದ ಕರಾವಳಿಯಲ್ಲಿ ಕಾಗದದ ಹುದ್ದೆಗಿಂತ ಸಹಭಾಗಿತ್ವವೇ ಎದ್ದು ಕಾಣುತ್ತದೆ. ಕುಮಟಾದ ಡಾ. ಎ.ವಿ. ಬಾಳಿಗಾ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಎಂ.ಡಿ. ಸುಭಾಷಚಂದ್ರನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರೊಂದಿಗೆ ದೇವರಕಾಡುಗಳನ್ನೂ, ಅದೇ ಸಂಸ್ಥೆಯ ಟಿ.ವಿ. ರಾಮಚಂದ್ರರೊಂದಿಗೆ ಅಘನಾಶಿನಿ ಅಳಿವೆ ಹಾಗೂ ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿಯ ಕಣಿವೆಯನ್ನೂ ಅಧ್ಯಯನ ಮಾಡಿದರು. ಸಂಸ್ಥೆಯ ಕ್ಷೇತ್ರ ಕೇಂದ್ರ ಕುಮಟಾದಲ್ಲೇ ಇದ್ದುದು ಇದಕ್ಕೆ ನೆರವಾಯಿತು; ಉಪ್ಪುನೀರಿನ ಗಜನಿ ಗದ್ದೆ, ಬಳಚು ಎಂಬ ಚಿಪ್ಪುಜೀವಿ, ಉಬ್ಬರವಿಳಿತಗಳನ್ನು ಬೆಂಗಳೂರಿನಲ್ಲಿ ಕುಳಿತು ಅಳೆಯಲಾಗದು. ಭಟ್ಕಳ, ಹೊನ್ನಾವರದಂಥ ಊರುಗಳ ಕಾಲೇಜು ಅಧ್ಯಾಪಕರಿಗೆ ಈ ‘ಸಹ’ ಸ್ಥಾನವು ದೊಡ್ಡ ಅನುದಾನದ ಒಂದು ಬಾಗಿಲಾಗಬಲ್ಲದು.